ವಿಜ್ಞಾನಿಯ ಲೇಖನಿ: ಕನ್ನಡ ಗದ್ಯದಲ್ಲಿ ಶಾಸ್ತ್ರವೂ ಕಥನವೂ

೧

ಪ್ರಭುಸಮ್ಮಿತ, ಸುಹೃತ್ಸಮ್ಮಿತ, ಕಾಂತಾಸಮ್ಮಿತ ಎಂದು ನಮ್ಮ ಆಲಂಕಾರಿಕರು ವಾಙ್ಮಯವನ್ನು ಮೂರು ಬಗೆಯಾಗಿ ವಿಭಾಗಿಸಿರುವುದು ವಾಚಕರಿಗೆ ಸುವಿದಿತವಾಗಿಯೇ ಇದೆ. ಒಡೆಯನಂತೆ ಆಜ್ಞಾಪಿಸುವ ವೇದವು ಮೊದಲನೆಯದು. ಗೆಳೆಯನಂತೆ ಹಿತವನ್ನು ತಿಳಿಯಹೇಳುವ ಪುರಾಣೇತಿಹಾಸಗಳು ಎರಡನೆಯವು. ನಲ್ಲೆಯಂತೆ ರಸದಿಂದ ಒಲಿಸಿ ಒಳ್ಳೆಯದರತ್ತ ತಿರುಗಿಸುವ ಕಾವ್ಯವು ಮೂರನೆಯದು. ಹೀಗಿರಲು, ಒಬ್ಬ ಸಸ್ಯಶಾಸ್ತ್ರಜ್ಞನು ತನ್ನ ಅರಣ್ಯಸಂಚಾರವನ್ನು ಕುರಿತು ಬರೆದ ಪ್ರಬಂಧವಾಗಲಿ, ಒಬ್ಬ ಗಣಿತಾಧ್ಯಾಪಕನು ನಕ್ಷತ್ರಗಳ ಹುಟ್ಟುಸಾವುಗಳನ್ನು ಕುರಿತು ಹೇಳಿದ ಕಥೆಯಾಗಲಿ ಈ ಮೂರರಲ್ಲಿ ಯಾವುದಕ್ಕೆ ಸೇರತಕ್ಕದ್ದು? ನಮ್ಮ ಪುಸ್ತಕಭಂಡಾರಗಳು ಈ ಪ್ರಶ್ನೆಗೆ ಸುಲಭವಾದ ಉತ್ತರವೊಂದನ್ನು ಕಂಡುಕೊಂಡಿವೆ: ಅಂಥ ಗ್ರಂಥಗಳನ್ನು ಸಾಹಿತ್ಯದ ಕಪಾಟಿನಿಂದ ತೆಗೆದು ವಿಜ್ಞಾನದ ಕಪಾಟಿನಲ್ಲಿ ಇಡುವುದು. ಸಾಹಿತ್ಯದ ಅಧ್ಯಾಪಕರು ಆ ಕಡೆಗೆ ಹೋಗುವುದು ವಿರಳ. ವಿಜ್ಞಾನದ ಅಧ್ಯಾಪಕರು ಅವು ಕನ್ನಡದಲ್ಲಿರುವುದರಿಂದ ಪಾಠಕ್ಕೆ ಒದಗಲಾರವೆಂದು ಬಿಡುವುದುಂಟು. ಹೀಗೆ ಎರಡು ಮನೆಗಳ ನೆಂಟನು ಎರಡು ಮನೆಗಳಲ್ಲಿಯೂ ಊಟವಿಲ್ಲದೆ ಹಿಂದಿರುಗುವಂತಾಗಿದೆ.

ವಿಜ್ಞಾನಿಗಳು ಕನ್ನಡದಲ್ಲಿ ಬರೆದ ಉತ್ತಮ ಗದ್ಯವು ಸಾಹಿತ್ಯವೆನ್ನಿಸಿಕೊಳ್ಳುವುದು ಅದರಲ್ಲಿರುವ ಅಲಂಕಾರದಿಂದಲ್ಲ, ಅಲ್ಲಲ್ಲಿ ಉದಾಹರಿಸಿದ ಪದ್ಯಗಳಿಂದಲೂ ಅಲ್ಲ. ಶೋಧನೆಯ ಕ್ರಮವೇ ಅಲ್ಲಿ ಕಥೆಯ ನಡೆಯಾಗಿರುವುದರಿಂದ ಎಂಬುದನ್ನು ತೋರಿಸುವುದು ಪ್ರಕೃತ ಲೇಖನದ ಉದ್ದೇಶ. ಇದಕ್ಕೆ ಮೊದಲು ಈ ಗದ್ಯವು ಯಾವ ದಾರಿಯಿಂದ ಬಂದಿತೆಂಬುದನ್ನು ಸಂಕ್ಷೇಪವಾಗಿ ನೋಡಬೇಕಾಗಿದೆ.

೨

ಶಾಸ್ತ್ರವಿಷಯವನ್ನು ಕನ್ನಡದಲ್ಲಿ ಹೇಳುವ ಪ್ರಯತ್ನವು ಹೊಸದೇನೂ ಅಲ್ಲ. ಚಾಲುಕ್ಯರ ಆಶ್ರಯದಲ್ಲಿದ್ದ ಎರಡನೆಯ ಚಾವುಂಡರಾಯನ 'ಲೋಕೋಪಕಾರ'ವು ೧೦೨೫ರಷ್ಟು ಹಿಂದಿನದು. ವೃಕ್ಷಾಯುರ್ವೇದ, ಅಂತರ್ಜಲವನ್ನು ಕಂಡುಹಿಡಿಯುವ ಉಪಾಯ, ಪಾಕಶಾಸ್ತ್ರ ಮೊದಲಾದುವು ಅದರಲ್ಲಿ ಅಡಕವಾಗಿವೆ. ೧೦೪೯ರಲ್ಲಿ ಶ್ರೀಧರಾಚಾರ್ಯನು 'ಜಾತಕತಿಲಕ'ವನ್ನು ರಚಿಸಿದನು. ಹನ್ನೆರಡನೆಯ ಶತಮಾನದ ರಾಜಾದಿತ್ಯನು ವ್ಯವಹಾರಗಣಿತವನ್ನೂ ಕ್ಷೇತ್ರಗಣಿತವನ್ನೂ ಪದ್ಯದಲ್ಲಿ ಹೇಳಿದನು. ಹದಿನಾಲ್ಕನೆಯ ಶತಮಾನದ ಮಂಗರಾಜನ 'ಖಗೇಂದ್ರಮಣಿದರ್ಪಣ'ವು ವಿಷಚಿಕಿತ್ಸೆಯ ಗ್ರಂಥವಾಗಿದ್ದೂ ಕಾವ್ಯಗುಣಕ್ಕಾಗಿ ಹೆಸರಾದುದು.

ಈ ಗ್ರಂಥಕರ್ತರಿಗೆ ಛಂದಸ್ಸು ಅನಿವಾರ್ಯವಾಗಿತ್ತು. ಮುದ್ರಣವಿಲ್ಲದ ಕಾಲದಲ್ಲಿ ಲೆಕ್ಕದ ಸೂತ್ರವನ್ನೂ ಔಷಧದ ಪ್ರಮಾಣವನ್ನೂ ನೆನಪಿನಲ್ಲಿಡಲು ಪದ್ಯಕ್ಕಿಂತ ಉತ್ತಮ ಸಾಧನವಿರಲಿಲ್ಲ. ಆದರೆ ಇಲ್ಲಿ ಪದ್ಯವು ಶಾಸ್ತ್ರಕ್ಕೆ ತೊಡಿಸಿದ ಉಡುಪು ಮಾತ್ರ. ಶಾಸ್ತ್ರಕಾರನು ತಾನು ತಿಳಿದುದನ್ನು ವಿಧಿಸುತ್ತಾನೆಯೇ ಹೊರತು ಅದನ್ನು ತಿಳಿದುಕೊಂಡ ಬಗೆಯನ್ನು ಹೇಳುವುದಿಲ್ಲ. ಯಾವ ಗಿಡವನ್ನು ಯಾವ ವಿಷಕ್ಕೆ ಕೊಡಬೇಕೆಂಬುದು ಅಲ್ಲಿ ದೊರೆಯುತ್ತದೆ; ಅದನ್ನು ಮೊದಲು ಪರೀಕ್ಷಿಸಿದವನು ಎಲ್ಲಿ ಸಂದೇಹಪಟ್ಟನು, ಎಲ್ಲಿ ದಾರಿ ತಪ್ಪಿ ಹಿಂದಿರುಗಿದನು ಎಂಬುದು ದೊರೆಯುವುದಿಲ್ಲ.

ಇದಕ್ಕೆ ವಿಪರೀತವಾದ ಉದಾಹರಣೆಯನ್ನು ಕವಿಗಳ ಕಡೆಯಿಂದ ತೆಗೆದುಕೊಳ್ಳಬಹುದು. ಕನಕದಾಸರ 'ರಾಮಧಾನ್ಯಚರಿತೆ'ಯಲ್ಲಿ ನೆಲ್ಲಿಗೂ ನರೆದಲೆಗನಿಗೂ, ಎಂದರೆ ರಾಗಿಗೂ, ತಮ್ಮಲ್ಲಿ ಯಾರು ಮೇಲೆಂಬ ವಿವಾದವೇಳುತ್ತದೆ. ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ತುಂಬಿದಾಗ ನೆಲ್ಲು ಕಂದಿ ಕುಂದಿರುತ್ತದೆ; ರಾಗಿಯು ಕೆಡದೆ ಉಳಿದು ರಾಘವನ ಹೆಸರನ್ನು ಪಡೆಯುತ್ತದೆ. ಕುಲದ ಹೆಮ್ಮೆಯನ್ನು ಮುರಿಯುವುದು ಕಾವ್ಯದ ಆಶಯವೆಂಬುದು ಎಲ್ಲರೂ ಬಲ್ಲ ಮಾತು. ಆದರೆ ಆ ತೀರ್ಪು ನಿಂತಿರುವುದು ಯಾವುದರ ಮೇಲೆ? ರಾಗಿಗೆ ಸುಲಭವಾಗಿ ಹುಳು ಹಿಡಿಯುವುದಿಲ್ಲ, ಹಗೇವಿನಲ್ಲಿ ಅದು ವರ್ಷಗಟ್ಟಲೆ ಉಳಿಯುತ್ತದೆ ಎಂಬ, ಒಕ್ಕಲುಮಕ್ಕಳೆಲ್ಲರೂ ಕಣ್ಣಾರೆ ಕಂಡ ಸಂಗತಿಯ ಮೇಲೆ. ಆ ಸಂಗತಿ ಸುಳ್ಳಾಗಿದ್ದರೆ ಕಥೆ ಒಂದು ಹೆಜ್ಜೆಯನ್ನೂ ಇಡಲಾರದು. ರಾಮನ ಸೆರೆಮನೆಯು ಒಂದು ಪರೀಕ್ಷೆಯೇ ಆಗಿದೆ: ಎರಡು ಧಾನ್ಯಗಳು, ಒಂದೇ ಸ್ಥಿತಿ, ಒಂದೇ ಅವಧಿ, ಕೊನೆಗೆ ಫಲದ ವೀಕ್ಷಣೆ. ಪದ್ಯದಲ್ಲಿ ಬರೆದ ಶಾಸ್ತ್ರಕಾರರಿಗಿಂತಲೂ ಈ ಸ್ಥಳದಲ್ಲಿ ದಾಸರು ವಿಜ್ಞಾನಿಯ ರೀತಿಗೆ ಸಮೀಪರಾಗಿದ್ದಾರೆಂದು ಹೇಳಬೇಕಾಗುತ್ತದೆ.

ಇದರಿಂದ ನಮಗೆ ಒಂದು ಒರೆಗಲ್ಲು ದೊರೆಯುತ್ತದೆ. ಶಾಸ್ತ್ರವನ್ನೂ ಕಥೆಯನ್ನೂ ಕೂಡಿಸಿದ ಬರವಣಿಗೆಯನ್ನು ಎದುರಿಗಿಟ್ಟುಕೊಂಡು, ಅದರೊಳಗಿನ ಸತ್ಯಸಂಗತಿಯನ್ನು ಮನಸ್ಸಿನಲ್ಲಿಯೇ ತೆಗೆದುಹಾಕಿ ನೋಡಬೇಕು. ಕಥೆಯು ಹಾಗೆಯೇ ನಿಂತರೆ ಸಂಗತಿಯು ಅಲ್ಲಿ ಒಡವೆ ಮಾತ್ರ. ಕಥೆಯು ಕುಸಿದರೆ ಸಂಗತಿಯೇ ಅದರ ತೊಲೆ.

೩

ಆಧುನಿಕ ಕಾಲಕ್ಕೆ ಬಂದರೆ ಮೊದಲು ಸ್ಮರಿಸತಕ್ಕ ಹೆಸರು ಬೆಳ್ಳಾವೆ ವೆಂಕಟನಾರಣಪ್ಪನವರದು (೧೮೭೨–೧೯೪೩). ಇವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಅಧ್ಯಾಪಕರಾಗಿದ್ದವರು. ೧೯೧೫ರಲ್ಲಿ ಸಾಹಿತ್ಯ ಪರಿಷತ್ತೂ ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ ಸ್ಥಾಪಿತವಾದ ಹೊಸತರಲ್ಲಿ, ೧೯೧೮ರಲ್ಲಿ, ಇವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಸೇರಿ 'ವಿಜ್ಞಾನ'ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಸುಮಾರು ಎರಡು ವರ್ಷಗಳಲ್ಲಿ ಅದು ನಿಂತುಹೋಯಿತು. ಅದರ ಬಾಳಿಕೆ ಅಲ್ಪವಾದರೂ ಕಾರ್ಯವು ಅಲ್ಪವಲ್ಲ. ಉಷ್ಣ, ಬೆಳಕು, ಜೀವಕೋಶ, ರೋಗಾಣು ಇವುಗಳನ್ನು ಕುರಿತು ಬರೆಯುವವನಿಗೆ ಆಗ ಸಿದ್ಧವಾದ ಕನ್ನಡವಿರಲಿಲ್ಲ. ಒಂದೊಂದು ವಾಕ್ಯಕ್ಕೂ ಒಂದೊಂದು ಶಬ್ದವನ್ನು ಹುಡುಕಬೇಕಾಗಿತ್ತು, ಇಲ್ಲವೆ ಕಟ್ಟಬೇಕಾಗಿತ್ತು.

ಆದರೆ ಇವರ ವಿಷಯದಲ್ಲಿ ಸಾಹಿತ್ಯಾಭ್ಯಾಸಿಗಳು ವಿಶೇಷವಾಗಿ ಗಮನಿಸಬೇಕಾದುದು ಮತ್ತೊಂದು. ೧೮೯೮ರಲ್ಲಿ ಬಿ. ಎಲ್. ರೈಸರು ಮೊದಲು ಪ್ರಕಟಿಸಿದ್ದ ಪಂಪಭಾರತವು ೧೯೩೧ರಲ್ಲಿ ಸಾಹಿತ್ಯ ಪರಿಷತ್ತಿನಿಂದ ಪರಿಷ್ಕೃತವಾಗಿ ಹೊರಬಂದಿತಷ್ಟೆ; ಅದರ ಸಂಪಾದಕರು ಇದೇ ಭೌತವಿಜ್ಞಾನದ ಅಧ್ಯಾಪಕರು. ೧೯೩೭ರಲ್ಲಿ ಜಮಖಂಡಿಯಲ್ಲಿ ಕೂಡಿದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದವರೂ ಇವರೇ. ಭೌತಶಾಸ್ತ್ರಕ್ಕೂ ಪಂಪನಿಗೂ ಎಲ್ಲಿಯ ಸಂಬಂಧವೆಂದು ಆಶ್ಚರ್ಯಪಡಬೇಕಾಗಿಲ್ಲ. ಗ್ರಂಥಸಂಪಾದಕನು ಮಾಡುವುದೇನು? ಹಲವು ಪ್ರತಿಗಳನ್ನು ಎದುರಿಗಿಟ್ಟುಕೊಂಡು, ಒಂದೊಂದು ಪಾಠವನ್ನೂ ಸಾಕ್ಷಿಯೆಂದು ಎಣಿಸಿ, ಅರ್ಥ, ಛಂದಸ್ಸು, ವ್ಯಾಕರಣಗಳಿಂದ ಅದನ್ನು ತೂಗಿ, ತನಗೆ ಪ್ರಿಯವಾದುದನ್ನಲ್ಲದೆ ಸಾಧುವಾದುದನ್ನು ಆರಿಸುತ್ತಾನೆ. ಬಿಟ್ಟ ಪಾಠವನ್ನೂ ಮುಚ್ಚಿಡದೆ ಅಡಿಯಲ್ಲಿ ಕಾಣಿಸುತ್ತಾನೆ. ಪ್ರಯೋಗಶಾಲೆಯಲ್ಲಿ ಅಳತೆಗಳನ್ನು ಬರೆದಿಡುವವನ ನೀತಿಯೂ ಇದೇ. ಎರಡು ಕೆಲಸಗಳಿಗೂ ಬೇಕಾದ ಮನಸ್ಸು ಒಂದೇ ಎಂಬುದಕ್ಕೆ ಬೆಳ್ಳಾವೆಯವರ ಜೀವಿತವು ನಿದರ್ಶನವಾಗಿದೆ.

ಇವರ ಕಾಲದ ವಿಜ್ಞಾನಗದ್ಯದ ಪ್ರಧಾನಗುಣ ವೈಶದ್ಯ. ಕಥನವು ಅದರ ಗುರಿಯಾಗಿರಲಿಲ್ಲ. ಆದರೆ ಆ ಗದ್ಯವು ಹದಗೊಳ್ಳದಿದ್ದರೆ ಮುಂದಿನವರಿಗೆ ಕಥನವು ಸಾಧ್ಯವಾಗುತ್ತಲೂ ಇರಲಿಲ್ಲ. ಮುಂದೆ ರಸಾಯನವಿಜ್ಞಾನದ ಅಧ್ಯಾಪಕರಾದ ಜೆ. ಆರ್. ಲಕ್ಷ್ಮಣರಾಯರು (೧೯೨೧–೨೦೧೭), ಗಣಿತದ ಅಧ್ಯಾಪಕರಾದ ಜಿ. ಟಿ. ನಾರಾಯಣರಾಯರು (೧೯೨೬–೨೦೦೮) ಮೊದಲಾದವರು ಆ ಹೊಲದಲ್ಲಿಯೇ ಬೆಳೆ ತೆಗೆದರು. ಸಾಹಿತಿಗಳ ಕಡೆಯಿಂದ ಶಿವರಾಮ ಕಾರಂತರು 'ಬಾಲಪ್ರಪಂಚ'ದಿಂದಲೂ 'ವಿಜ್ಞಾನ ಪ್ರಪಂಚ'ದಿಂದಲೂ ಅದೇ ಹೊಲಕ್ಕೆ ಇಳಿದರು.

೪

ಶೋಧನೆಯೇ ಕಥೆಯಾಗುವುದನ್ನು ಪೂರ್ಣವಾಗಿ ಕಾಣಬೇಕಾದರೆ ಬಿ. ಜಿ. ಎಲ್. ಸ್ವಾಮಿಯವರ ಕೃತಿಗಳನ್ನು ನೋಡಬೇಕು. ಡಿ. ವಿ. ಗುಂಡಪ್ಪನವರ ಪುತ್ರರಾದ ಇವರು ಸಸ್ಯಗಳ ಅಂಗರಚನೆಯಲ್ಲಿ ಸಂಶೋಧನೆ ನಡೆಸಿ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಇರ್ವಿಂಗ್ ಬೈಲಿಯವರೊಡನೆ ಕೆಲಸಮಾಡಿದರು. ಅನಂತರ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರೂ ಪ್ರಾಂಶುಪಾಲರೂ ಆಗಿದ್ದು ೧೯೮೦ರಲ್ಲಿ ದಿವಂಗತರಾದರು. ತಾವು ಮೊದಲು ವರ್ಣಿಸಿದ ಒಂದು ಸಸ್ಯಕ್ಕೆ ಬೈಲಿಯವರ ಹೆಸರನ್ನೂ ಇನ್ನೊಂದಕ್ಕೆ ಪಂಚಾನನ ಮಾಹೇಶ್ವರಿಯವರ ಹೆಸರನ್ನೂ ಸೇರಿಸಿ ನಾಮಕರಣ ಮಾಡಿದರು. ಸಸ್ಯಶಾಸ್ತ್ರದ ಲ್ಯಾಟಿನ್ ನಾಮವೆಂದರೆ ಒಣ ಗುರುತೆಂದು ಭಾವಿಸುವವರು ಇದನ್ನು ಯೋಚಿಸಬೇಕು: ಕವಿಯು ಪೀಠಿಕಾಸಂಧಿಯಲ್ಲಿ ಮಾಡುವ ಪೂರ್ವಸೂರಿವಂದನೆಯನ್ನು ಇಲ್ಲಿ ಒಂದು ಗಿಡವು ತನ್ನ ಹೆಸರಿನಲ್ಲಿಯೇ ಹೊತ್ತುಕೊಂಡಿದೆ.

'ಹಸುರು ಹೊನ್ನು' ೧೯೭೬ರಲ್ಲಿ ಪ್ರಕಟವಾಗಿ ೧೯೭೮ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನವನ್ನು ಪಡೆಯಿತು. ವಿದ್ಯಾರ್ಥಿಗಳನ್ನು ಕರೆದುಕೊಂಡು ಕಾಡುಮೇಡುಗಳಲ್ಲಿ ಸಸ್ಯಸಂಗ್ರಹಕ್ಕಾಗಿ ಸಂಚರಿಸಿದ ಅನುಭವವೇ ಅದರ ವಸ್ತು. ಚಿತ್ರಗಳನ್ನು ಬರೆದವರೂ ಗ್ರಂಥಕರ್ತರೇ. ಸಂಚಾರದ ತಂಡವು ಒಂದು ಅಪರಿಚಿತ ಗಿಡದ ಮುಂದೆ ನಿಲ್ಲುತ್ತದೆ. ಎಲೆ ಹೇಗೆ ಜೋಡಣೆಗೊಂಡಿದೆ, ಹೂವಿನ ಎಸಳೆಷ್ಟು, ವಾಸನೆಯೇನು ಎಂಬ ಪ್ರಶ್ನೆಗಳೇಳುತ್ತವೆ. ವಿದ್ಯಾರ್ಥಿಯೊಬ್ಬನು ಅವಸರದ ಉತ್ತರವನ್ನು ಕೊಡುತ್ತಾನೆ. ಆ ಉತ್ತರವು ಪರೀಕ್ಷೆಗೆ ನಿಲ್ಲುವುದಿಲ್ಲ. ಹಾಸ್ಯವು ಅಲ್ಲಿ ಹುಟ್ಟುತ್ತದೆ. ಬಳಿಕ ಊರಿನವರು ಆ ಗಿಡವನ್ನು ಕರೆಯುವ ಹೆಸರು, ಅದರ ಬಳಕೆ, ಅದಕ್ಕೆ ಅಂಟಿಕೊಂಡ ನಂಬಿಕೆ, ಕವಿಗಳು ಅದನ್ನು ನೆನೆದ ಬಗೆ ಇವೆಲ್ಲವೂ ಒಂದೊಂದಾಗಿ ಬಂದು ಸೇರಿ, ಗಿಡದ ಗುರುತು ಗಟ್ಟಿಯಾಗುವ ವೇಳೆಗೆ ಅದು ವಾಚಕನಿಗೆ ಪರಿಚಿತನೊಬ್ಬನಂತೆ ಆಗಿಬಿಟ್ಟಿರುತ್ತದೆ. ಕಾದಂಬರಿಯಲ್ಲಿ ಪಾತ್ರವೊಂದು ಮೊದಲು ಮರೆಯಲ್ಲಿದ್ದು ಕ್ರಮಕ್ರಮವಾಗಿ ತನ್ನ ಸ್ವಭಾವವನ್ನು ತೋರ್ಪಡಿಸುವಂತೆಯೇ ಇಲ್ಲಿ ಸಸ್ಯವು ತೋರ್ಪಡುತ್ತದೆ. ನಮ್ಮ ಒರೆಗಲ್ಲನ್ನು ಇಲ್ಲಿ ಪ್ರಯೋಗಿಸಿದರೆ ಫಲವು ಸ್ಪಷ್ಟ: ಗಿಡದ ಲಕ್ಷಣಗಳನ್ನು ತೆಗೆದುಹಾಕಿದರೆ ಪ್ರಶ್ನೆಯಿಲ್ಲ, ಪ್ರಶ್ನೆಯಿಲ್ಲದಿದ್ದರೆ ತಪ್ಪಿಲ್ಲ, ತಪ್ಪಿಲ್ಲದಿದ್ದರೆ ನಗೆಯೂ ಇಲ್ಲ. ಹಾಸ್ಯವು ಶಾಸ್ತ್ರಕ್ಕೆ ಸವರಿದ ಬೆಲ್ಲವಲ್ಲ, ಶಾಸ್ತ್ರದಿಂದಲೇ ಒಸರಿದ್ದು.

ಇವರ 'ಶಾಸನಗಳಲ್ಲಿ ಗಿಡಮರಗಳು' ಇದೇ ದೃಷ್ಟಿಯನ್ನು ಶಿಲಾಲೇಖಗಳಿಗೂ ಅನ್ವಯಿಸಿದೆ. ದತ್ತಿಯ ಎಲ್ಲೆಯನ್ನು ಹೇಳುವಾಗ ಶಾಸನಕಾರನು ಇಂಥ ಮರದಿಂದ ಮೂಡಲು, ಇಂಥ ಮರದಿಂದ ತೆಂಕಲು ಎಂದು ಗುರುತುಮಾಡುವುದು ವಾಡಿಕೆ. ಚರಿತ್ರಕಾರನು ದೊರೆಯ ಹೆಸರನ್ನೂ ತಿಥಿಯನ್ನೂ ತೆಗೆದುಕೊಂಡು ಬಿಟ್ಟುಹೋಗುವ ಆ ಸಾಲುಗಳಲ್ಲಿ ಸಸ್ಯಶಾಸ್ತ್ರಜ್ಞನಿಗೆ ಆ ಕಾಲದ ನೆಲವೇ ಕಾಣುತ್ತದೆ.

೫

'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ' ಎಂಬುದು ಸ್ವಾಮಿಯವರ ಮತ್ತೊಂದು ಗ್ರಂಥ. ನಾವು ನಿತ್ಯವೂ ತಿನ್ನುವ ಕಾಯಿ, ಹಣ್ಣು, ಗೆಡ್ಡೆಗಳಲ್ಲಿ ಎಷ್ಟೋ ಆ ಖಂಡದಿಂದ ಬಂದುವೆಂಬುದನ್ನು ಅದು ವಿವರಿಸುತ್ತದೆ. ಈ ದೃಷ್ಟಿಯನ್ನು ಹಿಡಿದು, ಇಂದು ಮಂಡ್ಯ ನಗರದಲ್ಲಿ ಸೇರಿಹೋಗಿರುವ ಗುತ್ತಲಿನ ಒಂದು ಅಡಿಗೆಮನೆಯನ್ನು ಹೊಕ್ಕರೆ ಕಾಣುವುದೇನು? ತಟ್ಟೆಯಲ್ಲಿ ರಾಗಿಮುದ್ದೆ, ಹುರುಳಿಕಾಳಿನ ಉಪ್ಪುಸಾರು, ಮೆಣಸಿನಕಾಯಿಯ ಖಾರ. ಇವುಗಳಲ್ಲಿ ಹುರುಳಿಯು ನಮ್ಮ ದೇಶದಲ್ಲಿಯೇ ಕೃಷಿಗೆ ಒಳಪಟ್ಟ ಬೆಳೆ. ಮೆಣಸಿನಕಾಯಿಯು ಅಮೆರಿಕದಿಂದ ಪೋರ್ಚುಗೀಸರ ಹಡಗುಗಳಲ್ಲಿ ಬಂದುದು. ಅಪ್ಪಟ ದೇಶೀಯವೆಂದು ನಾವು ಹೆಮ್ಮೆಪಡುವ ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ಪ್ರದೇಶಗಳು; ಬಹು ಪ್ರಾಚೀನಕಾಲದಲ್ಲಿ ಅದು ಸಮುದ್ರವನ್ನು ದಾಟಿ ಬಂದು ಇಲ್ಲಿ ನೆಲೆಯೂರಿತು.

ಭಾಷೆಯೂ ಇದಕ್ಕೆ ಸಾಕ್ಷಿ ಹೇಳುತ್ತದೆ. ಮೊದಲು 'ಮೆಣಸು' ಎಂದರೆ ಬಳ್ಳಿಯಲ್ಲಿ ಬಿಡುವ ಕಾಳು ಮಾತ್ರ. ಹೊಸ ಕಾಯಿ ಬಂದಾಗ ಅದರ ಖಾರವನ್ನು ನೋಡಿ ಜನರು ಹಳೆಯ ಹೆಸರನ್ನೇ ಅದಕ್ಕೆ ಹಚ್ಚಿ 'ಮೆಣಸಿನಕಾಯಿ' ಎಂದರು. ಹಳೆಯದನ್ನು ಬೇರ್ಪಡಿಸಲು ಕಾಳುಮೆಣಸು, ಕರಿಮೆಣಸು, ಒಳ್ಳೆಮೆಣಸು ಎಂದು ವಿಶೇಷಣಗಳನ್ನು ಸೇರಿಸಬೇಕಾಯಿತು. ಮನೆಗೆ ಬಂದ ಅತಿಥಿಯು ಯಜಮಾನನ ಹೆಸರನ್ನೇ ಪಡೆದು, ಯಜಮಾನನೇ ಅಡ್ಡಹೆಸರನ್ನು ಇಟ್ಟುಕೊಳ್ಳಬೇಕಾದಂತೆ ಆಯಿತು. 'ಪರಂಗಿಹಣ್ಣು' ಎಂಬುದರಲ್ಲಂತೂ ಅದನ್ನು ತಂದ ಫಿರಂಗಿಯವನ ಗುರುತು ಇನ್ನೂ ಅಳಿಸಿಲ್ಲ. ಇಂಥ ಸ್ಥಳದಲ್ಲಿ ಭಾಷಾಶಾಸ್ತ್ರಜ್ಞನಿಗೂ ಸಸ್ಯಶಾಸ್ತ್ರಜ್ಞನಿಗೂ ಒಬ್ಬರ ನೆರವು ಇನ್ನೊಬ್ಬರಿಗೆ ಬೇಕು.

ರಾಗಿಯ ಕಥೆಯು ಮಂಡ್ಯದ ನೆಲದಲ್ಲಿಯೇ ಇನ್ನೊಂದು ತಿರುವನ್ನು ಪಡೆಯಿತು. ಕೃಷ್ಣರಾಜಸಾಗರದ ನೀರು ಇರ್ವಿನ್ ನಾಲೆಯಲ್ಲಿ, ಎಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆಯಲ್ಲಿ, ೧೯೩೦ರ ದಶಕದಿಂದ ಹರಿಯತೊಡಗಿದ ಮೇಲೆ ಬತ್ತವೂ ಕಬ್ಬೂ ರಾಗಿಯ ಹೊಲಗಳನ್ನು ಆಕ್ರಮಿಸಿದುವು. ಕನಕದಾಸರ ವಿವಾದವು ಇಲ್ಲಿ ನೀರಿನ ಬಲದಿಂದ ನೆಲ್ಲಿನ ಕಡೆಗೆ ತೀರ್ಮಾನವಾದಂತೆ ಕಂಡಿತು. ಆದರೆ ಅದೇ ನಾಲೆಯ ಹೆಸರನ್ನು ಹೊತ್ತ ವಿ. ಸಿ. ಫಾರಂ ಎಂಬ ಸಂಶೋಧನಕ್ಷೇತ್ರದಲ್ಲಿ ಲಕ್ಷ್ಮಣಯ್ಯನವರು ರಾಗಿಯ ತಳಿಗಳ ಸುಧಾರಣೆಯಲ್ಲಿ ತೊಡಗಿದರು. ರಾಗಿಯ ಹೂ ಅತಿ ಸಣ್ಣದು, ತನ್ನ ಪರಾಗದಿಂದ ತಾನೇ ಫಲಿಸತಕ್ಕದ್ದು. ಆದುದರಿಂದ ಎರಡು ತಳಿಗಳನ್ನು ಬೆರಸುವುದು ಬಹು ನಾಜೂಕಿನ ಕೆಲಸ. ಅವರು ನಮ್ಮ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಕೂಡಿಸಿ ಪಡೆದ ತಳಿಗಳಿಗೆ 'ಇಂಡಾಫ್' ಎಂಬ ಹೆಸರು ಬಂದಿತು. ಇಂಡಿಯ, ಆಫ್ರಿಕ ಎಂಬೆರಡರ ಮೊದಲಕ್ಷರಗಳ ಸಂಧಿ ಅದು. ಸಾವಿರಾರು ವರ್ಷಗಳ ಹಿಂದೆ ತವರನ್ನು ಬಿಟ್ಟುಬಂದ ಧಾನ್ಯವು ಮಂಡ್ಯದಲ್ಲಿ ತನ್ನ ತವರಿನ ಬಂಧುವನ್ನು ಮತ್ತೆ ಸಂಧಿಸಿತು. ರೈತರು ಅವರನ್ನು ರಾಗಿ ಲಕ್ಷ್ಮಣಯ್ಯನೆಂದೇ ಕರೆದರು. ಇದು ಕಥೆಯಲ್ಲವೆ? ಇದರಲ್ಲಿ ವಿರಹವಿದೆ, ಪುನಸ್ಸಮಾಗಮವಿದೆ. ಆದರೆ ಒಂದು ಸಂಗತಿಯೂ ಕಲ್ಪಿತವಲ್ಲ. ಇಂಥ ಕಥೆಗಳು ತಳಿಗಳ ಪಟ್ಟಿಯಲ್ಲಿಯೂ ವಾರ್ಷಿಕ ವರದಿಯಲ್ಲಿಯೂ ಹುದುಗಿ ಕೊನೆಗಾಣುವುದು ಒಂದು. ಸ್ವಾಮಿಯವರಂಥ ಲೇಖನಿಯ ಮೂಲಕ ನುಡಿಗೆ ಸೇರುವುದು ಮತ್ತೊಂದು. ಮೊದಲನೆಯದರಿಂದ ಬೆಳೆಗೆ ನಷ್ಟವಿಲ್ಲ, ನುಡಿಗೆ ನಷ್ಟವುಂಟು.

೬

ಅನ್ಯಭಾಷೆಗಳಲ್ಲಿಯೂ ಈ ಮಾರ್ಗದವರು ಇದ್ದಾರೆ. ಜಗದೀಶಚಂದ್ರ ಬೋಸರು ೧೮೯೬ರಲ್ಲಿ ಬಂಗಾಳಿಯಲ್ಲಿ ಬರೆದ ಒಂದು ಕಥೆಯಲ್ಲಿ ಕೂದಲೆಣ್ಣೆಯ ಶೀಸೆಯೊಂದು ಚಂಡಮಾರುತವನ್ನು ಅಡಗಿಸುತ್ತದೆ. ವಿನೋದದ ಕೆಳಗೆ ಎಣ್ಣೆಯು ನೀರಿನ ಅಲೆಯನ್ನು ಶಮನಗೊಳಿಸುವುದೆಂಬ ಭೌತಸತ್ಯವಿದೆ. ಜಾರ್ಜ್ ಗ್ಯಾಮೊವ್ ೧೯೪೦ರ ತಮ್ಮ ಗ್ರಂಥದಲ್ಲಿ ಬೆಳಕಿನ ವೇಗವು ಬಹಳ ಕಡಮೆಯಾಗಿರುವ ನಗರಕ್ಕೆ ಒಬ್ಬ ಬ್ಯಾಂಕಿನ ಗುಮಾಸ್ತೆಯನ್ನು ಕನಸಿನಲ್ಲಿ ಕಳುಹಿಸಿದರು. ಇಟಲಿಯ ರಸಾಯನಜ್ಞ ಪ್ರೀಮೊ ಲೆವಿಯವರು ೧೯೭೫ರಲ್ಲಿ ತಮ್ಮ ಬಾಳಿನ ಕಥೆಯನ್ನು ಇಪ್ಪತ್ತೊಂದು ಮೂಲವಸ್ತುಗಳ ಹೆಸರಿನ ಅಧ್ಯಾಯಗಳಲ್ಲಿ ಹೇಳಿದರು. ಖಗೋಳವಿಜ್ಞಾನಿ ಜಯಂತ ನಾರಳೀಕರರು (೧೯೩೮–೨೦೨೫) ಮರಾಠಿಯಲ್ಲಿ ಕಥೆಗಳನ್ನು ಬರೆದು, ತಮ್ಮ ಆತ್ಮಚರಿತ್ರೆಗಾಗಿ ೨೦೧೪ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದರು. ವಿಜ್ಞಾನಿಗಳೂ ಸಾಹಿತಿಗಳೂ ಎರಡು ಸಂಸ್ಕೃತಿಗಳಾಗಿ ಒಡೆದುಹೋಗಿದ್ದಾರೆಂದು ೧೯೫೯ರಲ್ಲಿ ಕೇಂಬ್ರಿಜ್ಜಿನಲ್ಲಿ ವಿಷಾದಪಟ್ಟ ಸಿ. ಪಿ. ಸ್ನೋ ಅವರೇ ಭೌತವಿಜ್ಞಾನವನ್ನು ಕಲಿತ ಕಾದಂಬರಿಕಾರರು.

ಇಲ್ಲಿ ಎರಡು ಆಕ್ಷೇಪಗಳು ಬರಬಹುದು. ಕಥೆಯನ್ನು ಹೇಳುವ ಚಾಪಲ್ಯದಿಂದ ವಿಜ್ಞಾನಿಯು ಸತ್ಯವನ್ನು ಬಗ್ಗಿಸಿಯಾನು ಎಂಬುದು ಮೊದಲನೆಯದು. ಇದು ತಳ್ಳಿಹಾಕುವ ಮಾತಲ್ಲ. ತೀರ್ಮಾನವಾಗದ ವಿಷಯವನ್ನು ತೀರ್ಮಾನವಾದಂತೆ ಹೇಳಿದರೆ ಕಥೆಯು ಸೊಗಸಾಗುತ್ತದೆ; ಒಬ್ಬನ ಸಾಹಸವಾಗಿ ಹೇಳಿದರೆ ಹತ್ತು ಮಂದಿಯ ದುಡಿಮೆಯು ಮರೆಯಾಗುತ್ತದೆ. ಆದರೆ ಸಂದೇಹವನ್ನು ಮುಚ್ಚದೆ ಅದನ್ನೇ ಕುತೂಹಲದ ಬೀಜವನ್ನಾಗಿ ಮಾಡುವುದು ಬಲ್ಲ ಲೇಖಕನ ಲಕ್ಷಣ. ವಿಜ್ಞಾನಿಗೆ ಭಾವವಿಲ್ಲ, ಆದುದರಿಂದ ರಸವಿಲ್ಲ ಎಂಬುದು ಎರಡನೆಯ ಆಕ್ಷೇಪ. ಅದ್ಭುತವನ್ನು ಒಂದು ರಸವೆಂದೂ ವಿಸ್ಮಯವನ್ನು ಅದರ ಸ್ಥಾಯಿಯೆಂದೂ ಒಪ್ಪಿರುವ ನಮಗೆ ಈ ಆಕ್ಷೇಪವು ಶೋಭಿಸುವುದಿಲ್ಲ. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' (೧೯೮೦) ಇದಕ್ಕೆ ಉತ್ತರವಾಗಿದೆ. ಅಲ್ಲಿ ವಿಜ್ಞಾನಿಯು ಕಥೆಗಾರನಲ್ಲ, ಪಾತ್ರ. ಗ್ರಂಥಕರ್ತರು ಕನ್ನಡ ಸಾಹಿತ್ಯವನ್ನು ಓದಿದವರು. ಆದರೆ ಹಾರುವ ಓತಿಯನ್ನು ಹುಡುಕುವ ಶೋಧವನ್ನು ಬಿಟ್ಟು ಆ ಕಾದಂಬರಿಗೆ ಬೇರೆ ನಡೆಯಿಲ್ಲ. ಜೇನು ಹಿಡಿಯುವ ಮಂದಣ್ಣನೊಳಗೆ ಒಬ್ಬ ಪ್ರಕೃತಿಶೋಧಕನನ್ನು ಗುರುತಿಸುವ ಕಣ್ಣು ವಿಜ್ಞಾನಿಯದೇ. ಹಸುರು ಹೊನ್ನಿನಿಂದ ಕರ್ವಾಲೊವಿಗೆ ದೂರವು ಹೆಚ್ಚಿಲ್ಲ. ಆದರೂ ಎರಡನೆಯದನ್ನು ಸಾಹಿತ್ಯವೆಂದು ಪಾಠಹೇಳುವ ನಾವು ಮೊದಲನೆಯದರ ಮುಂದೆ ಅನುಮಾನಿಸುತ್ತೇವೆ.

ಪುಸ್ತಕಗಳನ್ನು ಯಾವ ಕಪಾಟಿನಲ್ಲಿ ಇಡಬೇಕೆಂಬುದಕ್ಕಿಂತ ದೊಡ್ಡದಾದ ಕಾರ್ಯವು ಇಲ್ಲಿ ಅಧ್ಯಾಪಕರನ್ನು ಕಾದಿದೆ. ಕಂಡುದನ್ನು ಕಂಡಂತೆ ಹೇಳುವುದು, ಊಹೆಗೂ ಪ್ರಮಾಣಕ್ಕೂ ಅಂತರವನ್ನು ಕಾಪಾಡುವುದು, ತನ್ನ ತಪ್ಪನ್ನು ತಾನೇ ಹುಡುಕುವುದು ಇವು ಗದ್ಯದ ಗುಣಗಳು. ಇವನ್ನು ನಮ್ಮ ವಿದ್ಯಾರ್ಥಿಗಳು ಕಲಿಯಬೇಕಾದರೆ ಇವು ಜೀವಂತವಾಗಿರುವ ಕನ್ನಡವನ್ನು ಅವರು ಓದಬೇಕು. ಪಂಪನ ಪಾಠವನ್ನು ಹೇಳುವಾಗ ಅದನ್ನು ಶೋಧಿಸಿದ ಭೌತವಿಜ್ಞಾನಿಯನ್ನು ನೆನೆಯುವುದೂ, ರಾಮಧಾನ್ಯಚರಿತೆಯನ್ನು ಹೇಳುವಾಗ ಒಂದು ಹಿಡಿ ರಾಗಿಯನ್ನು ಮೇಜಿನ ಮೇಲಿಟ್ಟು ಅದು ಎಲ್ಲಿಂದ ಬಂದಿತೆಂದು ಕೇಳುವುದೂ ಕಷ್ಟದ ಕೆಲಸಗಳಲ್ಲ. ಆಗ ವಿಜ್ಞಾನಿಯ ಬರವಣಿಗೆಗೆ ಆಲಂಕಾರಿಕರು ತೋರಿಸಿದ ನಡುವಣ ಸ್ಥಾನವೇ ಒಪ್ಪುವುದೆಂದು ತಿಳಿಯುತ್ತದೆ. ಅದು ಗೆಳೆಯನ ಮಾತು. ಆಜ್ಞೆಯನ್ನೂ ಮಾಡುವುದಿಲ್ಲ, ಮರುಳನ್ನೂ ಮಾಡುವುದಿಲ್ಲ. ಬಾ, ನೀನೂ ನೋಡು ಎಂದು ಕೈ ಹಿಡಿದು ಕರೆಯುತ್ತದೆ.